ಏಳೂಕಾಲರ ಬಸ್ಸು: ಹಳ್ಳಿಯಿಂದ ಓಡಾಡುವ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳ ಓದಿನ ವೇಳೆ ಕುರಿತ ಪ್ರಕರಣ ಅಧ್ಯಯನ

ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ವಾಣಿಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಮೆಂಟರ್ ಆಗಿ ನನಗೆ ಒಪ್ಪಿಸಿದ ವಿದ್ಯಾರ್ಥಿಗಳಲ್ಲಿ ಒಬ್ಬಳ ಒಂದು ಸೆಮಿಸ್ಟರನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆಕೆಯ ಮತ್ತು ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಸನ್ನಿವೇಶ

ಆಕೆ ಬಿ.ಕಾಂ. ಮೂರನೇ ಸೆಮಿಸ್ಟರಿನಲ್ಲಿದ್ದಳು. ಕಾರ್ಪೊರೇಟ್ ಅಕೌಂಟಿಂಗ್, ಕಾಸ್ಟ್ ಅಕೌಂಟಿಂಗ್, ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಎಂಬ ಮೂರು ಲೆಕ್ಕದ ವಿಷಯಗಳು ಒಟ್ಟಿಗೆ ಬರುವ ಸೆಮಿಸ್ಟರ್ ಅದು. ನಮ್ಮಲ್ಲಿ ಅನೇಕರು ಎಡವುವುದು ಇಲ್ಲಿಯೇ. ಊರು ಕಾಲೇಜಿನಿಂದ ಬಸ್ಸಿನಲ್ಲಿ ಐವತ್ತೈದು ನಿಮಿಷದ ದೂರ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ದ್ವಿತೀಯ ಪಿಯುಸಿ ಓದುವ ತಮ್ಮ, ಎರಡು ಸೀಮೆಹಸು, ಎರಡೂವರೆ ಎಕರೆ ಹೊಲ, ಬದುವಿನ ಮೇಲೆ ಒಂದಷ್ಟು ತೆಂಗು. ತರಗತಿ ತಪ್ಪಿಸುವವಳಲ್ಲ. ನೋಟ್ಸ್ ಎಷ್ಟು ಚೆನ್ನಾಗಿ ಬರೆಯುತ್ತಿದ್ದಳೆಂದರೆ, ಪರೀಕ್ಷೆ ಹತ್ತಿರ ಬಂದಾಗ ಜೆರಾಕ್ಸ್ ಅಂಗಡಿಗೆ ಹೋಗುತ್ತಿದ್ದುದು ಆಕೆಯ ಪುಸ್ತಕವೇ. ಅಂಥವಳು ಅಕ್ಟೋಬರ್ ಮೊದಲ ವಾರದ ಆಂತರಿಕ ಪರೀಕ್ಷೆಯಲ್ಲಿ ಕಾರ್ಪೊರೇಟ್ ಅಕೌಂಟಿಂಗ್‌ನಲ್ಲಿ 30ಕ್ಕೆ 9 ಅಂಕ ತೆಗೆದಳು. ಉತ್ತರ ಪತ್ರಿಕೆಯಲ್ಲಿ ಮೂರು ಲೆಕ್ಕಗಳನ್ನು ಅರ್ಧಕ್ಕೇ ಬಿಟ್ಟಿದ್ದಳು. ಮೂರಕ್ಕೂ ಗೆರೆ ಎಳೆದು, ಶೀರ್ಷಿಕೆ ಬರೆದು, ಮೊದಲ ನಾಲ್ಕೈದು ಸಾಲುಗಳನ್ನು ತಪ್ಪಿಲ್ಲದೆ ತುಂಬಿದ್ದಳು. ಅಲ್ಲಿಂದ ಮುಂದೆ ಖಾಲಿ.

ಕರೆದು ಕೇಳಿದಾಗ ಪುಸ್ತಕದೊಳಗಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ತೋರಿಸಿದಳು. ಅದು ಆಕೆಯ ವೇಳಾಪಟ್ಟಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಆರರಿಂದ ಎಂಟು, ರಾತ್ರಿ ಒಂಬತ್ತರಿಂದ ಹನ್ನೊಂದು. ಒಟ್ಟು ದಿನಕ್ಕೆ ಆರು ಗಂಟೆ, ಭಾನುವಾರ ಎಂಟು. ಸೆಪ್ಟೆಂಬರಿನಿಂದ ಬರೆದ ನಾಲ್ಕನೆಯ ಪಟ್ಟಿಯಂತೆ. ಒಂದೂ ನಾಲ್ಕು ದಿನಕ್ಕಿಂತ ಹೆಚ್ಚು ನಡೆದಿರಲಿಲ್ಲ. "ನನ್ನಲ್ಲೇ ಏನೋ ಕೊರತೆ ಇದೆ ಮೇಡಂ" ಎಂದಳು. ಈ ಮಾತನ್ನು ಹಳ್ಳಿಯಿಂದ ಓಡಾಡುವ ಮಕ್ಕಳ ಬಾಯಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ, ಪ್ರತಿ ಸಲವೂ ಮನಸ್ಸು ಕಲಕುತ್ತದೆ.

ಮೊದಲ ಸಲಹೆ

ನಾನು ಅಂದು ಕೊಟ್ಟ ಸಲಹೆ ತಪ್ಪಾಗಿತ್ತು, ಅದನ್ನೂ ಇಲ್ಲಿ ಬರೆಯಲೇಬೇಕು. ರಾತ್ರಿ ಬೇಗ ಮಲಗು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಎರಡು ಗಂಟೆ ಓದು, ಆಗ ಓದಿದ್ದು ತಲೆಯಲ್ಲಿ ಉಳಿಯುತ್ತದೆ ಎಂದೆ. ನಮ್ಮ ಮೇಷ್ಟ್ರುಗಳು ನಮಗೆ ಹೇಳಿದ್ದು ಅದನ್ನೇ, ನಾವು ಓದಿದ್ದೂ ಹಾಗೆಯೇ. ಆಕೆ ಒಂಬತ್ತು ದಿನ ಚಾಚೂ ತಪ್ಪದೆ ಪಾಲಿಸಿದಳು. ಹತ್ತನೆಯ ದಿನ ಕಾಸ್ಟ್ ಅಕೌಂಟಿಂಗ್ ತರಗತಿಯಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆಹೋದಳು, ಮರುದಿನ ಜ್ವರವೆಂದು ಬರಲಿಲ್ಲ.

ವಿಚಾರಿಸಿದಾಗ ತಿಳಿಯಿತು: ಆ ಮನೆಯಲ್ಲಿ ರಾತ್ರಿ ಹತ್ತೂವರೆಗೆ ಮುಂಚೆ ಮಲಗುವುದು ಸಾಧ್ಯವೇ ಇರಲಿಲ್ಲ. ಊಟ, ಪಾತ್ರೆ, ಹಸುಗಳಿಗೆ ರಾತ್ರಿಯ ಮೇವು ಎಲ್ಲ ಮುಗಿಯುವ ಹೊತ್ತಿಗೆ ಅಷ್ಟಾಗುತ್ತಿತ್ತು. ಎಲ್ಲರೂ ಮಲಗುವುದು ನಡುಮನೆಯಲ್ಲಿ. ನಾಲ್ಕಕ್ಕೆ ದೀಪ ಹಾಕಿದರೆ ಅಜ್ಜಿಗೆ ಎಚ್ಚರವಾಗುತ್ತದೆಂದು ಅಡುಗೆಮನೆಯ ಒಲೆಯ ಪಕ್ಕ ಕುಳಿತು ಓದುತ್ತಿದ್ದಳು. ನಾನು ಹೇಳಿದ "ಎರಡು ಗಂಟೆ"ಗಳನ್ನು ಆಕೆ ನಿದ್ದೆಯಿಂದ ಕಿತ್ತು ತಂದಿದ್ದಳು. ವಿದ್ಯಾರ್ಥಿಯ ದಿನ ಹೇಗಿದೆಯೆಂದು ಕೇಳದೆ ಅವರ ಕೈಗೆ ವೇಳಾಪಟ್ಟಿ ಕೊಡಬಾರದೆಂದು ನಾನು ಕಲಿತದ್ದು ಆ ಜ್ವರದಿಂದ.

ವಾರದ ರೋಜು ಪುಸ್ತಕ

ಆಮೇಲೆ ಹೊಸ ಪಟ್ಟಿ ಬರೆಸುವುದನ್ನು ನಿಲ್ಲಿಸಿ, ಒಂದು ವಾರ ಏನನ್ನೂ ಬದಲಿಸದೆ ಕೇವಲ ಬರೆದಿಡುವಂತೆ ಹೇಳಿದೆ. ವಾಣಿಜ್ಯದ ವಿದ್ಯಾರ್ಥಿನಿಗೆ ಇದನ್ನು ವಿವರಿಸುವುದು ಸುಲಭ: ವ್ಯಾಪಾರಿ ರೋಜು ಪುಸ್ತಕವನ್ನು ಆಯಾ ದಿನವೇ ಬರೆಯುತ್ತಾನೆ, ವಾರದ ಕೊನೆಗೆ ನೆನಪಿನಿಂದ ಬರೆದರೆ ಅದು ಲೆಕ್ಕವಾಗುವುದಿಲ್ಲ. ಲೆಡ್ಜರ್ ಹಾಳೆಯೊಂದರಲ್ಲಿ ಅರ್ಧ ಗಂಟೆಗೊಂದರಂತೆ ಗೆರೆ ಹಾಕಿಕೊಂಡು, ಆಗಿಂದಾಗ ಎರಡು ಪದ ಬರೆದುಕೊಂಡಳು.

ಒಂದು ವಾರದ 168 ಗಂಟೆಗಳು ಹೀಗೆ ಹೋಗಿದ್ದವು. ನಿದ್ದೆ 45 ಗಂಟೆಯ ಆಸುಪಾಸು. ತರಗತಿ 24. ಬಸ್ಸು ಮತ್ತು ಬಸ್ಸಿಗಾಗಿ ಕಾಯುವುದು 15. ಕೊಟ್ಟಿಗೆ, ಡೈರಿ, ಅಡುಗೆ, ಪಾತ್ರೆ, ನೀರು ಸೇರಿ 28. ಊಟ, ಸ್ನಾನ ಮುಂತಾದವು 17ಕ್ಕೂ ಮೇಲೆ. ಮೊಬೈಲು 12. ಕಾಲೇಜಿನಲ್ಲಿ ತರಗತಿಗಳ ನಡುವಿನ ಬಿಡುವು 8. ಓದು 9. ಉಳಿದದ್ದು ನೆಂಟರು, ಅಂಗಡಿ, ಸುಮ್ಮನೆ ಕೂತದ್ದು.

ಎಷ್ಟು ಓದಬೇಕಿತ್ತು ಎಂಬುದಕ್ಕೂ ಒಂದು ಅಂದಾಜು ಇದೆ. ಓದಿನ ಭಾರವನ್ನು ಕ್ರೆಡಿಟ್ ಎಂಬ ಅಳತೆಯಲ್ಲಿ ಎಣಿಸುವ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ವರ್ಷದ 40 ಕ್ರೆಡಿಟ್‌ಗಳಿಗೆ 1200 ಗಂಟೆಗಳ ಕಲಿಕೆಯನ್ನು ಎಣಿಸಲಾಗುತ್ತದೆ, ಅಂದರೆ ಒಂದು ಕ್ರೆಡಿಟ್‌ಗೆ 30 ಗಂಟೆ. ಬೋಧನೆಯ ಒಂದು ಕ್ರೆಡಿಟ್‌ಗೆ ತರಗತಿಯಲ್ಲಿ ಸಿಗುವುದು 15 ಗಂಟೆ. ಉಳಿದ 15 ವಿದ್ಯಾರ್ಥಿಯ ಸ್ವಂತ ಓದು. 20 ಕ್ರೆಡಿಟ್‌ಗಳ ಸೆಮಿಸ್ಟರನ್ನು 15 ವಾರಗಳಿಗೆ ಹಂಚಿದರೆ ವಾರಕ್ಕೆ ಸುಮಾರು 20 ಗಂಟೆ ಮನೆಯಲ್ಲಿ ಓದಬೇಕು. ಆಕೆ ಪಟ್ಟಿಯಲ್ಲಿ ಬರೆದದ್ದು 44, ನಿಜವಾಗಿ ಓದಿದ್ದು 9. ನಲವತ್ತನಾಲ್ಕು ಆಗದೆ ಹೋದ ಕೊರಗಿನಲ್ಲಿ, ಕೈಗೆಟುಕುತ್ತಿದ್ದ ಇಪ್ಪತ್ತೂ ತಪ್ಪಿಹೋಗಿತ್ತು.

ಇದು ಆಕೆಯೊಬ್ಬಳ ದೌರ್ಬಲ್ಯವಲ್ಲ. ಮನುಷ್ಯರು ತಮ್ಮ ಕೆಲಸಕ್ಕೆ ಬೇಕಾಗುವ ಸಮಯವನ್ನು ಕಡಿಮೆ ಅಂದಾಜು ಮಾಡುವ ಗುಣವನ್ನು ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿಯೇ ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ಪದವಿಯ ಕೊನೆಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನಗಳಲ್ಲಿ ಮುಗಿಸುತ್ತೇವೆಂದು ಅಂದಾಜಿಸಿ, 55 ದಿನಗಳಿಗೂ ಹೆಚ್ಚು ತೆಗೆದುಕೊಂಡಿದ್ದರು. ಇದನ್ನು ಆಕೆಗೆ ಹೇಳಿದಾಗ ಮುಖದಲ್ಲಿ ಕಂಡ ನಿರಾಳ ನನಗೆ ಇನ್ನೂ ನೆನಪಿದೆ.

ಹಾಳೆಯಲ್ಲಿ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ಗಂಟೆಗಳ ಮೊತ್ತಕ್ಕಿಂತ ದೊಡ್ಡದು. ಆಕೆಯ ಬಿಡುವೆಲ್ಲ ಚೂರುಚೂರಾಗಿತ್ತು. ಇಡೀ ವಾರದಲ್ಲಿ, ಯಾರೂ ಕರೆಯದೆ, ಎದ್ದು ಹೋಗದೆ ಒಂದು ಗಂಟೆ ಕುಳಿತ ಹೊತ್ತು ಒಂದೇ ಒಂದು. ಕಂಪನಿಯ ಅಂತಿಮ ಲೆಕ್ಕಪತ್ರದ ಒಂದು ಲೆಕ್ಕ ಮುಗಿಯಲು ನಲವತ್ತು ನಿಮಿಷವಾದರೂ ಬೇಕು. ಹೊಂದಾಣಿಕೆಯ ಹತ್ತು ಅಂಶಗಳಲ್ಲಿ ಆರನ್ನು ತಲೆಯಲ್ಲಿಟ್ಟುಕೊಂಡು ಕುಳಿತಿರುವಾಗ "ಹಾಲು ತಗೊಂಡ್ ಹೋಗ್ ಬಾ" ಎಂದು ಕರೆ ಬಂದರೆ, ಹಿಂದಿರುಗಿದ ಮೇಲೆ ಮತ್ತೆ ಮೊದಲಿನಿಂದಲೇ ಆರಂಭ. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಮೂರೂ ಲೆಕ್ಕಗಳು ಅರ್ಧಕ್ಕೆ ನಿಂತದ್ದೇಕೆಂದು ಆಗ ಅರ್ಥವಾಯಿತು. ಅರ್ಧದಿಂದಾಚೆಗೆ ಹೋಗುವ ಅಭ್ಯಾಸವೇ ಆಕೆಯ ಕೈಗೆ ಬಂದಿರಲಿಲ್ಲ.

ಒಂಬತ್ತು ಗಂಟೆಗಳ ಒಳಗೆ

ಓದಿದ ಒಂಬತ್ತು ಗಂಟೆಗಳಲ್ಲಿ ಆರು ಗಂಟೆ ತರಗತಿಯ ಲೆಕ್ಕಗಳನ್ನು ಫೇರ್ ಪುಸ್ತಕಕ್ಕೆ ನಕಲು ಮಾಡುವುದಕ್ಕೆ ಹೋಗಿತ್ತು. ನಕಲು ಮಾಡುವಾಗ ಪ್ರತಿ ಸಾಲೂ ಗೊತ್ತಿರುವಂತೆಯೇ ಅನಿಸುತ್ತದೆ. ಗುಡ್‌ವಿಲ್, ಅಂದರೆ ವ್ಯವಹಾರ ಗಳಿಸಿದ ಹೆಸರಿಗಿರುವ ಬೆಲೆ, ಅದರ ಮೌಲ್ಯಮಾಪನದ ಒಂದು ಸಣ್ಣ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, ಪುಸ್ತಕ ಮುಚ್ಚಿಟ್ಟು ಮಾಡಲು ಹೇಳಿದೆ. ಒಟ್ಟು ಆಸ್ತಿ 7,50,000 ರೂಪಾಯಿ. ಅದರಲ್ಲಿ ಕಂಪನಿ ಆರಂಭಿಸುವಾಗ ಆದ ಪ್ರಾಥಮಿಕ ವೆಚ್ಚ 20,000 ಮತ್ತು ವ್ಯವಹಾರಕ್ಕೆ ಸಂಬಂಧಿಸದ ಹೂಡಿಕೆ 80,000 ಸೇರಿವೆ. ಹೊರಗಿನ ಸಾಲ 50,000. ಹೂಡಿಕೆಯ ಆದಾಯ ಬಿಟ್ಟ ಸರಾಸರಿ ಲಾಭ 90,000, ಸಾಮಾನ್ಯ ಪ್ರತಿಫಲದ ದರ ಶೇ. 10, ಸೂಪರ್ ಪ್ರಾಫಿಟ್‌ನ (ಸಾಮಾನ್ಯ ಲಾಭಕ್ಕಿಂತ ಹೆಚ್ಚಿಗೆ ಬಂದ ಲಾಭದ) ಮೂರು ವರ್ಷದ ಮೊತ್ತ ಗುಡ್‌ವಿಲ್.

ಆಕೆ ಸಾಲವನ್ನು ಮಾತ್ರ ಕಳೆದು ತೊಡಗಿಸಿದ ಬಂಡವಾಳ (ಕ್ಯಾಪಿಟಲ್ ಎಂಪ್ಲಾಯ್ಡ್) 7,00,000 ಎಂದು ಹಿಡಿದಳು. ಸಾಮಾನ್ಯ ಲಾಭ 70,000, ಸೂಪರ್ ಪ್ರಾಫಿಟ್ 20,000, ಗುಡ್‌ವಿಲ್ 60,000 ಬಂತು. ಪ್ರಾಥಮಿಕ ವೆಚ್ಚವನ್ನೂ ಹೂಡಿಕೆಯನ್ನೂ ಕಳೆದರೆ ಬಂಡವಾಳ 6,00,000, ಸೂಪರ್ ಪ್ರಾಫಿಟ್ 30,000, ಗುಡ್‌ವಿಲ್ 90,000. ಇದೇ ಮಾದರಿಯ ಲೆಕ್ಕ ಆಕೆಯ ಫೇರ್ ಪುಸ್ತಕದಲ್ಲಿ ಕೆಂಪು ಶಾಯಿಯ ಶೀರ್ಷಿಕೆಯೊಂದಿಗೆ ನಾಲ್ಕು ಸಲ ಇತ್ತು. ನಾಲ್ಕು ಸಲ ಬರೆದ ಕೈಗೆ, ಏನನ್ನು ಕಳೆಯಬೇಕೆಂದು ತಾನೇ ನಿರ್ಧರಿಸುವ ಸಂದರ್ಭ ಒಮ್ಮೆಯೂ ಬಂದಿರಲಿಲ್ಲ.

ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಈಗ ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಒಂದೇ ಪಠ್ಯಭಾಗವನ್ನು ಒಂದು ಗುಂಪು ಎರಡು ಸಲ ಓದಿತು; ಇನ್ನೊಂದು ಗುಂಪು ಒಂದು ಸಲ ಓದಿ, ಆಮೇಲೆ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರಿಗೆ ಶೇ. 56, ಮರಳಿ ಓದಿದವರಿಗೆ ಶೇ. 42 ನೆನಪಿತ್ತು. ಪರೀಕ್ಷೆ ಬರುವುದು ಐದು ನಿಮಿಷದ ನಂತರವಲ್ಲವಾದ್ದರಿಂದ, ವಾರಕ್ಕೆ ಒಂಬತ್ತೇ ಗಂಟೆ ಇರುವವಳಿಗೆ ಈ ವ್ಯತ್ಯಾಸ ತೀರಾ ಮುಖ್ಯ. ಫೇರ್ ಪುಸ್ತಕವನ್ನು ಬಿಡುವುದು ಆಕೆಗೆ ಕಷ್ಟವಾಯಿತು, ಏಕೆಂದರೆ ಕಾಲೇಜಿನಲ್ಲಿ ಆಕೆಗೆ ಸಿಗುತ್ತಿದ್ದ ಒಂದೇ ಮೆಚ್ಚುಗೆ ಅದರದಾಗಿತ್ತು. ಬಿಡು ಎಂದು ನಾನು ಹೇಳಲಿಲ್ಲ. ಶನಿವಾರ ಒಂದು ಗಂಟೆ ಅದಕ್ಕಿರಲಿ ಎಂದೆ.

ಮನೆಯಲ್ಲಿ ಮಾತುಕತೆ

ಅಖಂಡವಾದ ಒಂದು ಗಂಟೆಯನ್ನು ಎಲ್ಲಿಂದ ತರುವುದೆಂಬುದು ಉಳಿದ ಪ್ರಶ್ನೆ. ಉತ್ತರ ಬಸ್ಸಿನಲ್ಲಿತ್ತು. ಆಕೆ ಬರುತ್ತಿದ್ದುದು ಎಂಟೂಕಾಲರ ಬಸ್ಸಿಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳಿಗೆ ಪಾಸಿನ ಖರ್ಚು ತಪ್ಪಿದೆ, ಅದು ಇಂಥ ಮನೆಗಳಿಗೆ ನಿಜವಾಗಿಯೂ ದೊಡ್ಡ ಅನುಕೂಲ. ಆದರೆ ಎಂಟೂಕಾಲರ ಬಸ್ಸಿನಲ್ಲಿ ಶಾಲೆ, ಕಾಲೇಜು, ಕಚೇರಿಯವರೆಲ್ಲ ತುಂಬಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತೇ ಬರಬೇಕು. ಏಳೂಕಾಲಕ್ಕೆ ಇನ್ನೊಂದು ಬಸ್ಸಿದೆ, ಅದರಲ್ಲಿ ಸೀಟು ಸಿಗುತ್ತದೆ. ಎಂಟು ಹತ್ತಕ್ಕೆ ಇಳಿದರೆ ಮೊದಲ ತರಗತಿ ಆರಂಭವಾಗುವ ಒಂಬತ್ತೂವರೆವರೆಗೆ ಎಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಯಾರ ಕರೆಯೂ ಇಲ್ಲದ ಬಿಡುವು.

ಆ ಬಸ್ಸಿಗೆ ಬರಲಾಗದಿರಲು ಕಾರಣ ಹಾಲು. ಬೆಳಗಿನ ಹಾಲನ್ನು ಡೈರಿಗೆ ಹಾಕುವುದು ಆಕೆಯ ಕೆಲಸ. ಕ್ಯಾನು ಹಿಡಿದು ನಡೆದು ಹೋಗಿ, ಸಾಲಿನಲ್ಲಿ ನಿಂತು, ಫ್ಯಾಟ್ ನೋಡಿಸಿ, ಪುಸ್ತಕಕ್ಕೆ ಬರೆಸಿಕೊಂಡು ಬರುವಷ್ಟರಲ್ಲಿ ನಲವತ್ತು ನಿಮಿಷ. ತಮ್ಮನಿಗೆ ಸೈಕಲ್ ಇತ್ತು.

ಮೆಂಟರ್ ಆದವರು ಮನೆಯ ವ್ಯವಹಾರಕ್ಕೆ ಕೈಹಾಕಬಾರದೆಂಬ ಅಭಿಪ್ರಾಯ ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಇದೆ. ನಾನು ಅದನ್ನು ಒಪ್ಪುವುದಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರೆ, ಅಂಥ ಕೆಲಸ ಮಾಡುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಈ ಲೆಕ್ಕವನ್ನು ಪಕ್ಕಕ್ಕಿಟ್ಟು ಹೆಣ್ಣುಮಗಳೊಬ್ಬಳಿಗೆ ಸಮಯಪಾಲನೆ ಬೋಧಿಸುವುದು ಅನ್ಯಾಯ.

ಒಂದು ಭಾನುವಾರ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟ ಅಮ್ಮನೇ ಮಾತು ತೆಗೆದರು: "ಓದಲ್ಲ ಅನ್ನಂಗಿಲ್ಲ ಮೇಡಂ, ರಾತ್ರಿ ಹನ್ನೊಂದಾದ್ರೂ ಲೈಟ್ ಆರ್ಸಲ್ಲ. ಆದ್ರೂ ನಂಬರ್ ಯಾಕ್ ಬರಲ್ಲ ಅಂತ ನೀವೇ ಹೇಳಿ." ಮಗಳು ಬರೆದ ವಾರದ ಹಾಳೆಯನ್ನು ಅವರ ಮುಂದೆ ಹರಡಿದೆ. ಅಪ್ಪ ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಬಹಳ ಹೊತ್ತು ಸುಮ್ಮನಿದ್ದು, "ಬೆಳಿಗ್ಗೆ ಹಾಲು ಇವನು ಹಾಕ್ಲಿ" ಎಂದರು.

ಅಷ್ಟಕ್ಕೇ ಮುಗಿಯಲಿಲ್ಲ. ತನಗೂ ಪಬ್ಲಿಕ್ ಪರೀಕ್ಷೆ ಇದೆಯೆಂದು ತಮ್ಮ ಆಕ್ಷೇಪಿಸಿದ. ಅದು ನ್ಯಾಯವಾದ ಮಾತೇ. ಸೈಕಲ್ಲಿನಲ್ಲಿ ಹೋದರೆ ಇಪ್ಪತ್ತು ನಿಮಿಷದಲ್ಲಿ ಆಗುವ ಕೆಲಸವೆಂದೂ, ಸಂಜೆಯ ಹಾಲು ಅಕ್ಕನದೇ ಎಂದೂ ಆದ ಮೇಲೆ ಒಪ್ಪಿದ. ಅಮ್ಮನಿಗಿದ್ದ ಅಂಜಿಕೆ ಬೇರೆ: ಎಂಟು ಗಂಟೆಗೆ ಕಾಲೇಜಿನಲ್ಲಿ ಯಾರಿರುತ್ತಾರೆ? ಕಚೇರಿಯ ಪಕ್ಕದ ಕೊಠಡಿಯನ್ನು ಅಟೆಂಡರ್ ಎಂಟಕ್ಕೇ ತೆಗೆಯುತ್ತಾರೆ, ಅದೇ ಬಸ್ಸಿನ ದಾರಿಯ ಇನ್ನಿಬ್ಬರು ಹುಡುಗಿಯರೂ ಬರುತ್ತಾರೆ ಎಂದು ಪ್ರಾಂಶುಪಾಲರ ಅನುಮತಿ ಪಡೆದು ತಿಳಿಸಿದ ಮೇಲೆಯೇ ಅವರು ಹೂಂ ಎಂದರು. ಮರುವಾರದಿಂದ ಎರಡು ಡಬ್ಬಿ ಕಟ್ಟಿಕೊಡತೊಡಗಿದರು, ಒಂದು ತಿಂಡಿಗೆ, ಒಂದು ಮಧ್ಯಾಹ್ನಕ್ಕೆ.

ಚೂರಿಗೆ ತಕ್ಕ ಕೆಲಸ

ಹೊಸ ಏರ್ಪಾಡಿನಲ್ಲಿ ದಿನಕ್ಕೆ ಇಷ್ಟು ಗಂಟೆ ಎಂಬ ಗುರಿಯನ್ನೇ ಇಡಲಿಲ್ಲ. ಯಾವ ಹೊತ್ತಿಗೆ ಯಾವ ಬಗೆಯ ಕೆಲಸ ಎಂಬುದನ್ನಷ್ಟೇ ಗೊತ್ತುಮಾಡಿದೆವು. ಎಂಟೂಕಾಲರಿಂದ ಒಂಬತ್ತು ಇಪ್ಪತ್ತೈದರವರೆಗೆ ಇಡೀ ಲೆಕ್ಕ, ಪುಸ್ತಕ ಮುಚ್ಚಿ, ಕೊನೆಯ ಸಾಲಿನವರೆಗೆ. ತಪ್ಪಾದರೂ ಮಧ್ಯದಲ್ಲಿ ಉತ್ತರ ನೋಡುವಂತಿಲ್ಲ. ಬೆಳಗಿನ ಬಸ್ಸಿನಲ್ಲಿ ಚೀಟಿಗಳು. ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನನ್ನು ಅಂಗೈಯಗಲಕ್ಕೆ ಕತ್ತರಿಸಿ, ಒಂದು ಮಗ್ಗುಲಲ್ಲಿ "ಕ್ಯಾಪಿಟಲ್ ಎಂಪ್ಲಾಯ್ಡ್: ಏನೇನು ಕಳೆಯಬೇಕು?" ಎಂಬಂಥ ಪ್ರಶ್ನೆ, ಇನ್ನೊಂದು ಮಗ್ಗುಲಲ್ಲಿ ಅಚ್ಚಾದ ಅಕ್ಷರಗಳ ನಡುವಿನ ಜಾಗದಲ್ಲಿ ಉತ್ತರ ಬರೆದುಕೊಂಡಿದ್ದಳು. ಸರಿ ಹೇಳಿದ ಚೀಟಿ ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತಿತ್ತು, ತಪ್ಪಿದ್ದು ಮರುದಿನವೇ. ರಬ್ಬರ್ ಬ್ಯಾಂಡ್ ಹಾಕಿದ ಎರಡು ಕಟ್ಟು, ಅಷ್ಟೇ ಸಲಕರಣೆ.

ಸಂಜೆಯ ಬಸ್ಸಿನಲ್ಲಿ ಏನೂ ಓದಬೇಡವೆಂದೆ. ನಿಂತು ಬರುವ ಐವತ್ತೈದು ನಿಮಿಷದಿಂದ ಓದು ಹಿಂಡುವುದು ಬೇಡ, ಆ ಹೊತ್ತು ಆಕೆಯದಾಗಿರಲಿ ಎಂಬುದು ನನ್ನ ಅಭಿಪ್ರಾಯವಾಗಿತ್ತು, ಈಗಲೂ ಅದೇ. ರಾತ್ರಿ ಊಟದ ಮೊದಲು ಒಂದು ಗಂಟೆ ಥಿಯರಿ ಪ್ರಶ್ನೆಗಳು, ಏಕೆಂದರೆ ಧಾರಾವಾಹಿಯ ಸದ್ದಿನ ನಡುವೆ ಅರ್ಧಕ್ಕೆ ಎದ್ದರೂ ಅವು ಕೆಡುವುದಿಲ್ಲ. ಮೊಬೈಲಿನ ಕುರಿತು ಒಂದೇ ಬದಲಾವಣೆ. ತರಗತಿಯ ವಾಟ್ಸಾಪ್ ಗುಂಪಿಗೆ ಬರುವ ಪಿಡಿಎಫ್ ನೋಡಲು ಹೋಗಿ ರೀಲ್ಸ್‌ಗೆ ಜಾರುತ್ತಿದ್ದಳು. ಆದ್ದರಿಂದ ಪಿಡಿಎಫ್‌ಗಳನ್ನು ವಾರಕ್ಕೊಮ್ಮೆ ಪ್ರಿಂಟ್ ತೆಗೆಸಿಕೊಳ್ಳತೊಡಗಿದಳು. ಉಳಿದ ಬಳಕೆಯನ್ನು ನಾನು ಕೇಳಲಿಲ್ಲ.

ಮೂರನೆಯ ವಾರದ ರೋಜು ಪುಸ್ತಕದಲ್ಲಿ ಓದು 17 ಗಂಟೆ ಇತ್ತು, ನಿದ್ದೆ ಕಡಿಮೆಯಾಗಿರಲಿಲ್ಲ.

ರಾಗಿ ಕೊಯ್ಲು

ನವೆಂಬರ್ ಕೊನೆಗೆ ರಾಗಿ ಕೊಯ್ಲು ಬಂತು. ಆಳು ಸಿಗದ ವರ್ಷ. ಕೊಯ್ದು, ಸಿವುಡು ಕಟ್ಟಿ, ಮೆದೆ ಒಟ್ಟುವವರೆಗೆ ಮನೆಯವರೆಲ್ಲ ಹೊಲದಲ್ಲಿದ್ದರು. ಒಂಬತ್ತು ದಿನ ಏರ್ಪಾಡೆಲ್ಲ ನಿಂತಿತು, ಅದರಲ್ಲಿ ಐದು ದಿನ ಕಾಲೇಜಿಗೂ ಬರಲಿಲ್ಲ. ಹಿಂದಿರುಗಿದ ದಿನ ಆಕೆಯ ಕೈಯಲ್ಲಿ ಮತ್ತೊಂದು ಹಾಳೆ ಇತ್ತು: ತಪ್ಪಿಹೋದ 22 ಗಂಟೆಗಳನ್ನು ಮುಂದಿನ ಎರಡು ವಾರಗಳಲ್ಲಿ ತೀರಿಸುವ ಯೋಜನೆ.

ಈ ಪ್ರಕರಣದಲ್ಲಿ ಅತ್ಯಂತ ಅಪಾಯದ ಗಳಿಗೆ ಇದೇ ಎಂದು ನಾನು ತಿಳಿದಿದ್ದೇನೆ. ಹಿಂದಿನ ನಾಲ್ಕು ವೇಳಾಪಟ್ಟಿಗಳು ಮುರಿದುಬಿದ್ದದ್ದು ಹೀಗೆಯೇ. ಒಂದು ದಿನ ತಪ್ಪಿದರೆ ಅದನ್ನು ಮರುದಿನದ ಮೇಲೆ ಹೇರಿ, ಮರುದಿನವೂ ಆಗದೆ, ಮೂರನೆಯ ದಿನ ಹಾಳೆಯನ್ನೇ ಮಡಿಸಿಡುವುದು. "ಇದನ್ನ ಬಾಕಿ ಅಂತ ಮುಂದಕ್ಕೆ ತಗೊಂಡು ಹೋಗ್ಬೇಡ ಕಣಮ್ಮ, ವಸೂಲಾಗದ ಸಾಲ ಅಂತ ಬರೆದುಬಿಡು" ಎಂದೆ. ಲೆಕ್ಕಶಾಸ್ತ್ರದ ಆ ಮಾತು ಆಕೆಗೆ ತಕ್ಷಣ ಹಿಡಿಸಿತು. ಅಂದಿನ ತರಗತಿಯಲ್ಲಿ ಆಗುತ್ತಿದ್ದ ಪಾಠದಿಂದಲೇ ಆರಂಭಿಸಿದಳು. ತಪ್ಪಿದ ಘಟಕಗಳಲ್ಲಿ ಷೇರುಗಳ ಮೌಲ್ಯಮಾಪನವನ್ನು ಮಾತ್ರ ಗೆಳತಿಯ ಜೊತೆ ಎರಡು ಬೆಳಿಗ್ಗೆ ಕುಳಿತು ಮುಗಿಸಿದಳು. ಉಳಿದ ಒಂದು ಘಟಕವನ್ನು ಪೂರ್ತಿಯಾಗಿ ಕೈಬಿಟ್ಟೆವು.

ಸೆಮಿಸ್ಟರಿನ ಕೊನೆ

ಎರಡನೆಯ ಆಂತರಿಕ ಪರೀಕ್ಷೆಯಲ್ಲಿ ಕಾರ್ಪೊರೇಟ್ ಅಕೌಂಟಿಂಗ್‌ನಲ್ಲಿ 30ಕ್ಕೆ 18 ಬಂತು. ಬರೆದ ಮೂರು ಲೆಕ್ಕಗಳಲ್ಲಿ ಎರಡು ಕೊನೆಯವರೆಗೆ ಹೋಗಿದ್ದವು, ಒಂದರಲ್ಲಿ ಬ್ಯಾಲೆನ್ಸ್ ಶೀಟ್ ತಾಳೆಯಾಗಿರಲಿಲ್ಲ. ಸೆಮಿಸ್ಟರ್ ಪರೀಕ್ಷೆಯಲ್ಲಿ ಆ ವಿಷಯಕ್ಕೂ ಕಾಸ್ಟ್ ಅಕೌಂಟಿಂಗ್‌ಗೂ ಪ್ರಥಮ ದರ್ಜೆಯ ಅಂಕ ಬಂದವು. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಮಾತ್ರ ಪಾಸಾಗುವುದಕ್ಕಿಂತ ನಾಲ್ಕೇ ಅಂಕ ಹೆಚ್ಚು. ಅದಕ್ಕೆ ಕಾರಣ ನಮ್ಮ ಏರ್ಪಾಡಿನಲ್ಲಿಯೇ ಇದೆ. ಬೆಳಗಿನ ಎಪ್ಪತ್ತು ನಿಮಿಷವನ್ನು ವಾರದ ಆರು ದಿನವೂ ಅಕೌಂಟಿಂಗ್‌ಗೇ ಕೊಟ್ಟಿದ್ದೆವು. ಸಹಸಂಬಂಧ (ಕೋರಿಲೇಷನ್), ಹಿಂಚಲನೆಯಂಥ (ರಿಗ್ರೆಷನ್) ಉದ್ದದ ಲೆಕ್ಕಗಳನ್ನು ಮಧ್ಯಾಹ್ನದ ಇಪ್ಪತ್ತು ನಿಮಿಷದ ಚೂರುಗಳಿಗೆ ತಳ್ಳಿದ್ದೆವು. ಚೂರು ಹೊತ್ತಿಗೆ ಇಡೀ ಲೆಕ್ಕ ಕೊಡಬಾರದೆಂದು ಅಕೌಂಟಿಂಗ್‌ನಲ್ಲಿ ಕಂಡುಕೊಂಡದ್ದನ್ನು ಸ್ಟ್ಯಾಟಿಸ್ಟಿಕ್ಸ್‌ಗೆ ಅನ್ವಯಿಸಲು ನನಗೂ ಹೊಳೆಯಲಿಲ್ಲ, ಆಕೆಗೂ ಹೊಳೆಯಲಿಲ್ಲ.

ಈಗ ನಾಲ್ಕನೆಯ ಸೆಮಿಸ್ಟರ್. ಕೊಠಡಿಗಳ ಕೊರತೆಯಿಂದ ಕಾಲೇಜಿನ ವೇಳಾಪಟ್ಟಿ ಬದಲಾಗಿ ಮೊದಲ ತರಗತಿ ಎಂಟೂಮುಕ್ಕಾಲಿಗೇ ಆರಂಭವಾಗುತ್ತಿದೆ. ಏಳೂಕಾಲರ ಬಸ್ಸಿಗೇ ಬರುತ್ತಾಳೆ, ಸೀಟಿನಲ್ಲಿ ಕುಳಿತು ಚೀಟಿ ತಿರುವುತ್ತಾಳೆ, ಆದರೆ ಬೆಳಗಿನ ಎಪ್ಪತ್ತು ನಿಮಿಷ ಹೋಯಿತು. ತರಗತಿಗಳು ಎರಡೂಕಾಲಿಗೆ ಮುಗಿಯುತ್ತವೆ, ಊರಿನ ಬಸ್ಸು ಮೂರೂಮುಕ್ಕಾಲಿಗೆ. ಕಳೆದ ಸೋಮವಾರ ಆಕೆ ತಂದ ಹೊಸ ರೋಜು ಪುಸ್ತಕದ ಹಾಳೆಯಲ್ಲಿ ಆ ಒಂದೂವರೆ ಗಂಟೆಯ ಸುತ್ತ ಪೆನ್ಸಿಲಿನಿಂದ ಗೆರೆ ಹಾಕಿ, ಮಂಗಳವಾರ, ಗುರುವಾರ, ಶನಿವಾರದ ಚೌಕಗಳಲ್ಲಿ ಒಂದು ವಿಷಯ, ಉಳಿದ ಮೂರು ದಿನ ಇನ್ನೊಂದು ವಿಷಯವೆಂದು ತಾನೇ ಬರೆದುಕೊಂಡಿದ್ದಳು. ಅಷ್ಟು ಹೊತ್ತಿಗೆ ಕಚೇರಿಯ ಪಕ್ಕದ ಕೊಠಡಿಯಲ್ಲಿ ಬೇರೆ ತರಗತಿ ನಡೆಯುತ್ತಿರುತ್ತದೆ; ಗ್ರಂಥಾಲಯದ ಹಿಂದಿನ ಪತ್ರಿಕೆಗಳ ಕೋಣೆಯನ್ನು ಕೊಡಿಸಲು ಪ್ರಾಂಶುಪಾಲರಿಗೆ ಮನವಿ ಬರೆದಿದ್ದೇನೆ.